ಟಿಬಿ ಬಂದವರ ತಟ್ಟೆ ಬೇರೆ ಇಡಬೇಕಾ?

ಚಿಂತಾಮಣಿ ದಾಟಿ ಮದನಪಲ್ಲಿ ಕಡೆ ಹೋದರೆ ಆಂಧ್ರದ ಗಡಿಯೊಳಗೂ ಕನ್ನಡ ಮಾತಾಡುವ ಮನೆಗಳು ಸಿಗುತ್ತವೆ. ಈ ಕಡೆ ಯಾರಿಗಾದರೂ ಟಿಬಿ ಅಂತ ಗೊತ್ತಾದರೆ ಮೊದಲು ತಟ್ಟೆ, ಲೋಟ ಬೇರೆ ಇಡುತ್ತಾರೆ. ಆಮೇಲೆ ರೋಗಿಯನ್ನು ಒಳಗಿನ ಕೋಣೆಗೆ ಹಾಕಿ ಕಿಟಕಿ ಮುಚ್ಚುತ್ತಾರೆ. ಟಿಬಿ ತಟ್ಟೆಯಿಂದ ಹರಡುವುದಿಲ್ಲ, ಹರಡುವುದು ಆ ಮುಚ್ಚಿದ ಕೋಣೆಯ ಗಾಳಿಯಿಂದ.

ಈ ಭಯ ಸುಮ್ನೆ ಬಂದದ್ದಲ್ಲ. 1882ರಲ್ಲೇ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದಿದ್ದರು. ಆದರೆ ಅದನ್ನು ಕೊಲ್ಲುವ ಔಷಧಿ ಬರಲು ಅರವತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ಅದಕ್ಕಾಗಿಯೇ 1915ರಲ್ಲಿ ಮದನಪಲ್ಲಿ ಹತ್ತಿರದ ಆರೋಗ್ಯವರದಲ್ಲಿ ಮಿಷನರಿಗಳು ಸ್ಯಾನಟೋರಿಯಂ, ಅಂದರೆ ಕ್ಷಯ ರೋಗಿಗಳು ಉಳಿದುಕೊಳ್ಳುವ ಆಸ್ಪತ್ರೆ, ತೆರೆದರು. ರೋಗಿಗಳು ಅಲ್ಲಿ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಇರಬೇಕಿತ್ತು. ಕ್ಷಯ ಬಂದವರನ್ನು ಊರಿಂದ ದೂರ ಇಡಬೇಕು ಅನ್ನುವುದು ಆಗಲೇ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತು.

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಅನ್ನುವ ಔಷಧಿ ಬಂತು, 1952ರಲ್ಲಿ ಐಸೋನಿಯಜಿಡ್. ಆದರೆ ಇಷ್ಟು ದೊಡ್ಡ ದೇಶದ ರೋಗಿಗಳಿಗೆಲ್ಲ ಸ್ಯಾನಟೋರಿಯಂ ಮಂಚ ಎಲ್ಲಿಂದ ತರುವುದು? ಮನೆಯಲ್ಲೇ ಔಷಧಿ ಕೊಟ್ಟರೆ ಸಾಕಾ ಅಂತ 1956ರಲ್ಲಿ ಮದ್ರಾಸಿನಲ್ಲಿ ಪರೀಕ್ಷೆ ಮಾಡಿ ನೋಡಿದರು. ಬಡ ರೋಗಿಗಳನ್ನು ಎರಡು ಗುಂಪು ಮಾಡಿ ಕೆಲವರನ್ನು ಸ್ಯಾನಟೋರಿಯಂಗೆ ಸೇರಿಸಿದರು. ಉಳಿದವರು ಇಕ್ಕಟ್ಟಾದ ತಮ್ಮ ಮನೆಗಳಲ್ಲೇ ಉಳಿದರು. ಎಲ್ಲರಿಗೂ ಒಂದು ವರ್ಷ ಒಂದೇ ಔಷಧಿ. ಮನೆಯಲ್ಲಿದ್ದವರಿಗೆ ಊಟವೂ ಕಡಿಮೆ, ವಿಶ್ರಾಂತಿಯೂ ಕಡಿಮೆ. ಆದರೂ ಅವರು ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಯವರಿಗೆ ರೋಗ ಜಾಸ್ತಿಯೇನೂ ಅಂಟಲಿಲ್ಲ! 1959ರಲ್ಲಿ ಈ ಫಲಿತಾಂಶ ಬಂದಮೇಲೆ ಜಗತ್ತಿನ ಚಿಕಿತ್ಸೆಯ ದಾರಿಯೇ ಬದಲಾಯಿತು. ನನ್ನ ಮಟ್ಟಿಗೆ ಟಿಬಿಯ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಅದು ನಮ್ಮ ಮನೆಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ ಅನ್ನುವುದೇ ಸಂಕಟ.

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆದ, 1963ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಸತ್ಯ ಹೇಳಿತು. ಕ್ಷಯ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ಅಂದರೆ ತಪ್ಪು ಜನರದ್ದಲ್ಲ. ಈಗಲೂ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಕಫ ಪರೀಕ್ಷೆ ಮಾಡಿ ಅಂತ ನಾವೇ ಕೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ.

ಸಾಮಾನ್ಯ ಟಿಬಿಗೆ ಆರು ತಿಂಗಳು ಮಾತ್ರೆ. ಅದರಲ್ಲಿರುವ ರಿಫಾಂಪಿಸಿನ್ ಅನ್ನುವ ಔಷಧಿ ಶುರುವಾದ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರಕ್ತ ಹೋಗುತ್ತಿದೆ ಅಂತ ಹೆದರಿ ಮಾತ್ರೆ ಬಿಡಬೇಡಿ, ಅದು ಔಷಧಿಯದೇ ಬಣ್ಣ. ಸರಿಯಾದ ಔಷಧಿ ತಪ್ಪದೆ ತಗೊಂಡರೆ ಕೆಲವೇ ವಾರಗಳಲ್ಲಿ ರೋಗ ಹರಡುವುದು ತೀರಾ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಕೆಮ್ಮುವಾಗ ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಇರಲಿ, ಕಿಟಕಿ ತೆರೆದಿರಲಿ. ತಟ್ಟೆಯನ್ನು ಎಂದಿನಂತೆ ತೊಳೆದರೆ ಸಾಕು.

ಮಗು ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆ ಮಕ್ಕಳನ್ನು ಮಿದುಳಿನ ಟಿಬಿಯಿಂದ ಕಾಪಾಡುತ್ತದೆ, ದೊಡ್ಡವರ ಶ್ವಾಸಕೋಶಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಊಟದ ಮಾತು ಮಾತ್ರ ಹಳಬರು ಹೇಳಿದ್ದೇ ಸರಿ. ಜಾರ್ಖಂಡಿನಲ್ಲಿ ರೋಗಿಯ ಮನೆಯವರಿಗೆಲ್ಲ ರೇಷನ್ ಕೊಟ್ಟು ನೋಡಿದಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇ. 40ರಷ್ಟು ಇಳಿಯಿತು. 2023ರಲ್ಲಿ ಬಂದ ಫಲಿತಾಂಶ ಇದು. ರೋಗಿಯ ಊಟಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ರೋಗ ಇಲ್ಲದಿದ್ದರೆ ಮುಂದೆ ಬಾರದಂತೆ ತಡೆಯುವ ಮಾತ್ರೆಯೂ ಇದೆ.

ನಮ್ಮ ಗಡಿ ಕಡೆಯವರು ಕೂಲಿಗೆ ಅಂತ ಬೆಂಗಳೂರಿಗೆ ಹೋಗುವುದು ಇದ್ದದ್ದೇ ಅಲ್ವಾ? ಅದಕ್ಕಾಗಿ ಚಿಕಿತ್ಸೆ ನಡುವೆ ನಿಲ್ಲಿಸಬೇಕಾಗಿಲ್ಲ. ರೋಗಿಯ ಹೆಸರು ನಿಕ್ಷಯ್ ಅನ್ನುವ ಸರ್ಕಾರದ ಟಿಬಿ ಪೋರ್ಟಲ್‌ನಲ್ಲಿ ದಾಖಲಾಗಿರುತ್ತದೆ. ಹೊರಡುವ ಮೊದಲೇ ಆಸ್ಪತ್ರೆಯಲ್ಲಿ ಹೇಳಿದರೆ ಚಿಕಿತ್ಸೆಯನ್ನು ಹೋಗುವ ಊರಿನ ಕೇಂದ್ರಕ್ಕೆ ವರ್ಗ ಮಾಡುತ್ತಾರೆ, ಉಳಿದ ಮಾತ್ರೆ ಅಲ್ಲೇ ಸಿಗುತ್ತದೆ.