ಬೇಕಲ ಕೋಟೆ ಎಷ್ಟು ದೂರ? ಎರಡು ಕೋನಗಳ ಲೆಕ್ಕ

ಜಿಪಿಎಸ್ ಇಲ್ಲದೆ ಹಾಯಿದೋಣಿ ನಡೆಸಲು ದಿಕ್ಸೂಚಿ, ಗಡಿಯಾರ, ನಕ್ಷೆ, ಪೆನ್ಸಿಲ್ ಬೇಕು. ಧ್ರುವನಕ್ಷತ್ರದ ಎತ್ತರದಿಂದ ಅಕ್ಷಾಂಶ ತಿಳಿಯಬಹುದು ನಿಜ. ಆದರೆ ಕಾಸರಗೋಡಿನಲ್ಲಿ ಅದು ದಿಗಂತದಿಂದ ಸುಮಾರು 12½ ಡಿಗ್ರಿ ಮಾತ್ರ ಮೇಲಿರುತ್ತದೆ, ಮಬ್ಬು ಕವಿದರೆ ಕಾಣುವುದೇ ಇಲ್ಲ. ಅಳತೆ ಒಂದು ಡಿಗ್ರಿ ತಪ್ಪಿದರೆ 60 ನಾಟಿಕಲ್ ಮೈಲು (ಕಡಲ ಮೈಲು, ಸುಮಾರು 1.85 ಕಿ.ಮೀ.) ತಪ್ಪಿದ ಹಾಗೆ. ದಡ ಕಾಣುತ್ತಿರುವಾಗ ಕೋನಗಳ ಲೆಕ್ಕವೇ ಮೇಲು.

ಮೊದಲು ವೇಗ. ಮೂತಿಯ ಬಳಿ ಕಡ್ಡಿಯೊಂದನ್ನು ನೀರಿಗೆ ಹಾಕಿ, ಅದು ಹಿಂತುದಿ ದಾಟುವವರೆಗೆ ಸೆಕೆಂಡ್ ಎಣಿಸಿ. 6 ಮೀಟರ್ ದೋಣಿಗೆ 3 ಸೆಕೆಂಡ್ ಆದರೆ ಸುಮಾರು 4 ನಾಟ್, ಅಂದರೆ ಗಂಟೆಗೆ 4 ನಾಟಿಕಲ್ ಮೈಲು. ಅರ್ಧ ಗಂಟೆಗೆ 2 ಮೈಲು.

ಕಾಸರಗೋಡಿನಿಂದ ತೆಂಕಕ್ಕೆ, ದಿಕ್ಸೂಚಿಯಲ್ಲಿ 160 ಡಿಗ್ರಿಯ ದಾರಿ ಹಿಡಿದಿದ್ದೇವೆ ಎನ್ನಿ. ಎಡಗಡೆ ಮುಂದೆ ಬೇಕಲ ಕೋಟೆ 130ರಲ್ಲಿದೆ: ನಮ್ಮ ದಾರಿಗೂ ಕೋಟೆಗೂ ನಡುವಿನ ಕೋನ 30. ಸಮಯ ಬರೆದುಕೊಳ್ಳಿ. ದಾರಿ, ವೇಗ ಬದಲಿಸದೆ ಸಾಗಿ. ಕೋಟೆ 100ಕ್ಕೆ ಬಂದಾಗ ಕೋನ 60, ಮೊದಲಿನದರ ದುಪ್ಪಟ್ಟು. ಅರ್ಧ ಗಂಟೆ ಆಗಿದ್ದರೆ ಕೋಟೆ 2 ಮೈಲು ದೂರ.

ಯಾವ ಜಾಗದಿಂದ 2 ಮೈಲು? ಗೊಂದಲವೆಲ್ಲ ಇಲ್ಲೇ. ಚಿತ್ರ ಬರೆಯಿರಿ: ಮೊದಲು ನೋಡಿದ ಜಾಗ ಅ, ಎರಡನೆಯದು ಬ, ಕೋಟೆ ಕ. ಅ-ದ ಒಳಕೋನ 30. ಬ-ದಲ್ಲಿ ನಾವು ಅಳೆದ 60 ತ್ರಿಕೋನದ ಹೊರಕೋನ. ಹೊರಕೋನವೆಂದರೆ ಎದುರಿನ ಎರಡು ಒಳಕೋನಗಳ ಮೊತ್ತ ಎಂದು ಶಾಲೆಯಲ್ಲೇ ಕಲಿತದ್ದು. ಹಾಗಾಗಿ ಕ-ದಲ್ಲಿ ಉಳಿಯುವುದು 30. ಅ ಮತ್ತು ಕ ಕೋನಗಳು ಸಮ, ಆದ್ದರಿಂದ ಅವುಗಳ ಎದುರಿನ ಬಾಹುಗಳೂ ಸಮ: ಬ-ಕ ಮತ್ತು ಅ-ಬ. ಅಂದರೆ ಓಡಿದಷ್ಟೇ ದೂರದಲ್ಲಿ ಕೋಟೆ ಇರುವುದು ಬ-ದಿಂದ. ಅ-ದಿಂದ ಅಲ್ಲ, ನೇರ ಪಕ್ಕದಲ್ಲಿ ದಾಟುವಾಗಿನ ದೂರವೂ ಅಲ್ಲ. ಪಕ್ಕದಲ್ಲಿ ದಾಟುವಾಗಿನ ದೂರಕ್ಕೆ ಓಡಿದ್ದರ ಎಂಟರಲ್ಲಿ ಏಳು ಪಾಲು ಹಿಡಿಯಿರಿ: 1¾ ಮೈಲು.

ಎರಡು ಸಲವೂ ಒಂದೇ ದಿಕ್ಸೂಚಿ, ಎಂಜಿನ್ ಮತ್ತು ಕಬ್ಬಿಣದಿಂದ ದೂರ. ನಮಗೆ ಬೇಕಾದದ್ದು ವ್ಯತ್ಯಾಸ ಮಾತ್ರ, ಹಾಗಾಗಿ ನಿಜವಾದ ಉತ್ತರ ದಿಕ್ಕು ಯಾವುದು, ದಿಕ್ಸೂಚಿಯ ಮುಳ್ಳು ತೋರುವ ಕಾಂತ ಉತ್ತರ ದಿಕ್ಕು ಯಾವುದು ಎಂಬ ತಲೆನೋವಿಲ್ಲ.

ನನಗೆ ಅತಿ ಇಷ್ಟವಾದದ್ದು 26½ ಮತ್ತು 45ರ ಜೋಡಿ. ಇವೆರಡರ ನಡುವೆ ಓಡಿದ ದೂರವೇ ಕೋಟೆಯನ್ನು ದಾಟುವಾಗಿನ ದೂರ, ಅದೂ ದಾಟುವ ಮೊದಲೇ ಗೊತ್ತಾಗುತ್ತದೆ. ದಡಕ್ಕೆ ತೀರಾ ಹತ್ತಿರವಾಗುವುದಾದರೆ ದೋಣಿ ತಿರುಗಿಸಲು ಇನ್ನೂ ಸಮಯವಿರುತ್ತದೆ. 45 ಮತ್ತು 90ರ ಜೋಡಿ ಸುಲಭ, ಆದರೆ ಉತ್ತರ ಸಿಗುವುದು ಪಕ್ಕಕ್ಕೆ ಬಂದ ಮೇಲೆ.

ಕಡ್ಡಿ ಹೇಳುವುದು ನೀರಿನ ಮೇಲಿನ ವೇಗ. ಚಳಿಗಾಲದಲ್ಲಿ ಈ ಕರಾವಳಿಯ ಪ್ರವಾಹ ಬಡಗಕ್ಕೆ ಹರಿಯುತ್ತದೆ, ಮಳೆಗಾಲದಲ್ಲಿ ತೆಂಕಕ್ಕೆ. ಡಿಸೆಂಬರಿನಲ್ಲಿ ತೆಂಕಕ್ಕೆ ಹೋಗುವಾಗ ನಿಜವಾಗಿ ಓಡಿದ್ದು ಲೆಕ್ಕಕ್ಕಿಂತ ಕಡಿಮೆ, ಹಾಗಾಗಿ ದಡ ಲೆಕ್ಕಕ್ಕಿಂತ ಹತ್ತಿರ. ಮಧ್ಯಾಹ್ನದ ಕಡಲಗಾಳಿಯೂ ದಡದತ್ತಲೇ ತಳ್ಳುತ್ತದೆ. ಬಂದ ಉತ್ತರದಿಂದ ಸ್ವಲ್ಪ ಕಳೆದೇ ನಕ್ಷೆಯಲ್ಲಿ ಗುರುತು ಹಾಕಿ.