ಮೇವಿಗೆ ಸತು ಬೆರೆಸಿದರೆ ಹಸುವಿಗೆ ಹುಲ್ಲು ಚೆನ್ನಾಗಿ ಅರಗುತ್ತದೆಯೇ?

ಪ್ರಶ್ನೆ: ಹಸುವಿನ ಮೇವಿಗೆ ಜಿಂಕ್ ಪುಡಿ ಹಾಕಿದರೆ ಜೀರ್ಣ ಜಾಸ್ತಿಯಾಗುತ್ತದೆ ಎನ್ನುತ್ತಾರೆ. ನಿಜವೇ? ಎಷ್ಟು ಹಾಕಬೇಕು?

ಜೀರ್ಣ ಹೆಚ್ಚಲಿ ಅಂತ ಹಾಕುವುದಾದರೆ ಬೇಡ. ಸತು, ಅಂದರೆ ಜಿಂಕ್, ಮುಖ್ಯವಾಗಿ ಬೇಕಾಗಿರುವುದು ಹಸುವಿನ ಮೈಗೆ. ಚರ್ಮ, ಗೊರಸು, ಕೆಚ್ಚಲು, ಗಾಯ ಮಾಯುವುದು, ರೋಗ ತಡೆಯುವುದು, ಎಲ್ಲಕ್ಕೂ ಅದು ಬೇಕು. ಆದರೆ ಹುಲ್ಲು ಅರಗಿಸುವವರು ಬೇರೆಯೇ ಇದ್ದಾರೆ. ಹಸುವಿನ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾ, ಪ್ರೊಟೊಜೋವಾ, ಶಿಲೀಂಧ್ರಗಳು. ಅವಕ್ಕೂ ಸತು ಬೇಕು, ಆದರೆ ತೀರಾ ಸ್ವಲ್ಪ. ಅಷ್ಟು ಸಾಮಾನ್ಯವಾಗಿ ಮೇವಿನಲ್ಲೇ ಸಿಕ್ಕಿಬಿಡುತ್ತದೆ.

ಹಾಗಾದರೆ ಈ ನಂಬಿಕೆ ಬಂದದ್ದು ಎಲ್ಲಿಂದ? ನನಗನ್ನಿಸುವುದು ಇಷ್ಟು. ಸತು ಕೊರತೆಯಾದ ದನ ಬೇಗನೆ ಮೇವು ಕಡಿಮೆ ಮಾಡುತ್ತದೆ. ಆಮೇಲೆ ಮೂತಿ, ಕಾಲಿನ ಚರ್ಮ ದಪ್ಪಗಾಗಿ ಒರಟಾಗುತ್ತದೆ, ಗೊರಸು ಮೆತ್ತಗಾಗುತ್ತದೆ. ಅಂಥ ದನಕ್ಕೆ ಸತು ಕೊಟ್ಟರೆ ಮತ್ತೆ ಹೊಟ್ಟೆತುಂಬ ತಿನ್ನಲು ಶುರುಮಾಡುತ್ತದೆ. ನೋಡಿದವರು ಜೀರ್ಣಶಕ್ತಿ ಬಂತು ಅಂದುಕೊಳ್ಳುತ್ತಾರೆ. ನಿಜಕ್ಕೂ ಬಂದದ್ದು ಹಸಿವು. ಕೊರತೆಯೇ ಇಲ್ಲದ ದನಕ್ಕೆ ಅದೇ ಪುಡಿ ಹಾಕಿದರೆ ಅಂಥ ಬದಲಾವಣೆ ಕಾಣುವುದಿಲ್ಲ.

ಜಾಸ್ತಿ ಹಾಕಿದರೆ ಮಾತ್ರ ಫಲ ಉಲ್ಟಾ. ರೂಮೆನ್‌ನ ನೀರಿನಲ್ಲಿ ಕರಗಿದ ಸತು ಒಂದು ಮಿತಿ ದಾಟಿದರೆ ಸೂಕ್ಷ್ಮಜೀವಿಗಳಿಗೆ ವಿಷವಾಗುತ್ತದೆ. ಪೆಟ್ಟು ಮೊದಲು ಬೀಳುವವರಲ್ಲಿ ನಾರು ಒಡೆಯುವ ಬ್ಯಾಕ್ಟೀರಿಯಾ ಸೇರಿವೆ. ಹುಲ್ಲಿನ ಸತ್ವವನ್ನು ಹಸುವಿಗೆ ಬಿಡಿಸಿಕೊಡುವವರೇ ಅವರು! ಅವರ ಕೆಲಸ ನಿಧಾನವಾದರೆ ಅರ್ಧ ಅರಗಿದ ನಾರು ರೂಮೆನ್‌ನಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಹೊಟ್ಟೆ ಖಾಲಿಯಾಗದೆ ದನ ಹೊಸ ಮೇವಿಗೆ ಬಾಯಿ ಹಾಕುವುದಿಲ್ಲ.

ಇಲ್ಲಿ ಯಾವ ರೂಪದ ಸತು ಅನ್ನುವುದೂ ಮುಖ್ಯ. ಜಿಂಕ್ ಸಲ್ಫೇಟ್ ನೀರಿನಲ್ಲಿ ಥಟ್ಟನೆ ಕರಗುತ್ತದೆ, ರೂಮೆನ್‌ನಲ್ಲೂ ಅಷ್ಟೇ. ಜಿಂಕ್ ಆಕ್ಸೈಡ್ ಅಲ್ಲಿ ಅಷ್ಟಾಗಿ ಕರಗುವುದಿಲ್ಲ. ನಾಲ್ಕನೇ ಹೊಟ್ಟೆಯ ಹುಳಿ ತಾಗಿದಾಗ ಕರಗುತ್ತದೆ, ಮುಂದೆ ಸಣ್ಣ ಕರುಳಿನಲ್ಲಿ ಒಂದು ಪಾಲು ಮೈಗೆ ಸೇರುತ್ತದೆ. ಹೈಡ್ರಾಕ್ಸಿಕ್ಲೋರೈಡ್ ರೂಪವೂ ರೂಮೆನ್‌ನಲ್ಲಿ ಕಡಿಮೆ ಕರಗುವ ಜಾತಿಯದು. ಜಿಂಕ್ ಮೆಥಿಯೋನಿನ್‌ನಂಥ ಸಾವಯವ ರೂಪಗಳು, ಅಂದರೆ ಸತುವನ್ನು ಅಮೈನೊ ಆಮ್ಲದಂಥ ವಸ್ತುವಿಗೆ ಜೋಡಿಸಿದವು, ದುಬಾರಿ. ಗೊರಸು, ಕೆಚ್ಚಲಿನ ವಿಷಯಕ್ಕೆ ಅವನ್ನು ಬಳಸುವವರಿದ್ದಾರೆ. ಬರೀ ನಾರು ಅರಗಲಿ ಅಂತ ಅವಕ್ಕೆ ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಈಗ ಎಷ್ಟು ಅನ್ನುವ ಪ್ರಶ್ನೆ. ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ, ಮೇವಿನ ಪ್ರತಿ ಕಿಲೋಗೆ ಮಾಂಸದ ದನಕ್ಕೆ ಸುಮಾರು 30 ಮಿಲಿಗ್ರಾಂ, ಹಾಲಿನ ಹಸುವಿಗೆ 40ರಿಂದ 60 ಮಿಲಿಗ್ರಾಂ ಸತು ಸಾಕು. ದಿನಕ್ಕೆ 12 ಕಿಲೋ ಒಣ ಲೆಕ್ಕದ ಮೇವು ತಿನ್ನುವ ಹಸುವಿಗೆ 50ರಂತೆ 600 ಮಿಲಿಗ್ರಾಂ ಬೇಕು ಅನ್ನಿ. ಮೇವಿನಲ್ಲೇ ಕಿಲೋಗೆ 25 ಇದ್ದರೆ 300 ಅಲ್ಲೇ ಬಂತು. ಉಳಿದ 300 ಮಿಲಿಗ್ರಾಂಗೆ ಶೇಕಡಾ 35ರಷ್ಟು ಸತು ಇರುವ ಸಲ್ಫೇಟ್ ಒಂದು ಗ್ರಾಂ ಕೂಡ ಬೇಡ. ಚಿಟಿಕೆ! ಅದೇ ಕೈಯಳತೆಯಲ್ಲಿ 20 ಗ್ರಾಂ ಹಾಕಿಬಿಟ್ಟರೆ? ಕಿಲೋಗೆ 600 ಮಿಲಿಗ್ರಾಂ ದಾಟುತ್ತದೆ. ದನ ತಾಳಬಲ್ಲ ಗರಿಷ್ಠ ಪ್ರಮಾಣ 500, ಕುರಿಗೆ 300 ಎಂದು ಇಟ್ಟಿದ್ದಾರೆ. ಚಿಟಿಕೆಯ ವಸ್ತುವನ್ನು ಹಿಂಡಿಯ ಬಕೆಟ್‌ನಲ್ಲಿ ಸಮನಾಗಿ ಬೆರೆಸುವುದು ಕಷ್ಟ, ಅಲ್ವಾ? ಅದಕ್ಕೇ ಬಿಡಿ ಪುಡಿಗಿಂತ ಖನಿಜ ಮಿಶ್ರಣವೇ ವಾಸಿ. ಅದರ ಚೀಲದ ಮೇಲೆ ಸತು ಎಷ್ಟು ಅಂತ ಮೊದಲು ಓದಿಕೊಳ್ಳಿ. ಬಹಳ ಸಲ ಬೇಕಾದ್ದು ಅದರಲ್ಲೇ ಇರುತ್ತದೆ.

ಜಾಸ್ತಿ ಸತುವಿನಿಂದ ಲಾಭವೇ ಇಲ್ಲ ಅಂತಲ್ಲ. ಮೇವಿನಲ್ಲಿ ಯೂರಿಯಾ ಇದ್ದಾಗ, ಅದನ್ನು ಒಡೆದು ಅಮೋನಿಯಾ ಮಾಡುವ ಯೂರಿಯೇಸ್ ಕಿಣ್ವವನ್ನು ಸತು ತಡೆಯುತ್ತದೆ. ಅಮೋನಿಯಾ ಒಮ್ಮೆಲೇ ಏಳದೆ ನಿಧಾನವಾಗಿ ಬರುತ್ತದೆ. ಆದರೆ ಅದಕ್ಕೆ ಬೇಕಾದ್ದು ಕಿಲೋಗೆ ನೂರಾರು ಮಿಲಿಗ್ರಾಂ. ಅಷ್ಟು ಕೊಟ್ಟರೆ ನಾರಿನ ಕಡೆ ನಷ್ಟದ ಭಯ ಇದ್ದೇ ಇದೆ. ನ್ಯೂಜಿಲೆಂಡ್‌ನಲ್ಲಿ ಹುಲ್ಲಿನ ಶಿಲೀಂಧ್ರದ ವಿಷದಿಂದ ಬರುವ ಮುಖದ ಚರ್ಮರೋಗ ತಡೆಯಲು ದೊಡ್ಡ ಪ್ರಮಾಣದ ಸತು ಕೊಡುತ್ತಾರೆ. ಅದು ಅಪಾಯದ ದಿನಗಳಲ್ಲಿ ಮಾತ್ರ, ತೂಕ ಲೆಕ್ಕ ಹಾಕಿ.

ಇನ್ನೊಂದು ಗೊಂದಲ ಹಂದಿಯದು. ಮರಿಹಂದಿಗಳ ಭೇದಿ ತಡೆಯಲು ಕಿಲೋಗೆ 2500 ಮಿಲಿಗ್ರಾಂವರೆಗೂ ಸತು ಕೊಡುತ್ತಿದ್ದರು. ಯುರೋಪಿಯನ್ ಒಕ್ಕೂಟ 2022ರಲ್ಲಿ ಅದನ್ನು ನಿಲ್ಲಿಸಿತು. ಹಂದಿಗೆ ರೂಮೆನ್ ಇಲ್ಲ, ಆ ಲೆಕ್ಕ ದನಕ್ಕೆ ಸಲ್ಲದು. ದನ ಅಗತ್ಯಕ್ಕಿಂತ ಜಾಸ್ತಿ ತಿಂದ ಸತುವಿನ ಬಹುಪಾಲು ಸಗಣಿಯಲ್ಲಿ ಹೊರಟು ಮಣ್ಣು ಸೇರುತ್ತದೆ. ಜೊತೆಗೆ ತಾಮ್ರ ಮೈಗೆ ಹತ್ತದಂತೆಯೂ ಅದು ತಡೆಯುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಸುಮ್ನೆ ಸತು ಹಾಕುತ್ತಾ ಹೋದ ಮೇಲೆ ಹಸು ಸೊರಗಿ ರೋಮದ ಬಣ್ಣ ಮಾಸತೊಡಗಿದರೆ, ಪಶುವೈದ್ಯರ ಹತ್ತಿರ ತಾಮ್ರದ ಬಗ್ಗೆ ಕೇಳಿ.