ಅಟ್ಟದ ಮೇಲಿಟ್ಟ ಆಕ್ಸಿಜನ್ ಮಷಿನ್ ಯಾಕೆ ಕೆಡುತ್ತದೆ?

2021ರ ಕೋವಿಡ್ ಎರಡನೇ ಅಲೆಯಲ್ಲಿ ಎಷ್ಟೋ ಮನೆಗಳಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು. ಆಮೇಲೆ ಅಟ್ಟ ಸೇರಿತು. ಈಗ ಅಜ್ಜನಿಗೆ ಬೇಕು ಅಂತ ಕೆಳಗಿಳಿಸಿದರೆ ಮಷಿನ್ ಓಡುತ್ತದೆ, ಗಾಳಿಯೂ ಬರುತ್ತದೆ, ಆದರೆ ಆಮ್ಲಜನಕ ಸಾಲುತ್ತಿಲ್ಲ ಎಂದು ಎಚ್ಚರಿಸುವ ಹಳದಿ ದೀಪ ಆರುವುದೇ ಇಲ್ಲ. ಬಳಸದ ವಸ್ತು ಸವೆಯಲಿಕ್ಕೇ ಇಲ್ಲ, ಅಲ್ವಾ?

ಈ ಮಷಿನ್ ಆಮ್ಲಜನಕವನ್ನು ತಯಾರಿಸುವುದಿಲ್ಲ. ಗಾಳಿಯಲ್ಲಿರುವ ಶೇ. 78 ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ಒಳಗಿನ ಎರಡು ಕೊಳವೆಗಳಲ್ಲಿ ಜಿಯೊಲೈಟ್ ಎಂಬ ಸಣ್ಣ ಗುಂಡುಗಳಿರುತ್ತವೆ. ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅವು ಸಾರಜನಕ ಹೀರುತ್ತವೆ, ಒತ್ತಡ ಇಳಿದಾಗ ಬಿಡುತ್ತವೆ. ಒಂದು ಕೊಳವೆ ಹೀರುವಾಗ ಇನ್ನೊಂದು ಖಾಲಿಯಾಗುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕೇಳುವ 'ಫುಸ್' ಸದ್ದು ಅದರದ್ದೇ. ಗಾಳಿಯಲ್ಲಿ ಸ್ವಲ್ಪವೇ ಇರುವ ಆರ್ಗಾನ್ ಎಂಬ ಅನಿಲ ಮಾತ್ರ ತಪ್ಪಿಸಿಕೊಂಡು ಆಮ್ಲಜನಕದ ಜೊತೆಗೇ ಬರುತ್ತದೆ. ಹಾಗಾಗಿ ಹೊಸ ಮಷಿನ್ನೂ ಶೇ. 95ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಜಿಯೊಲೈಟಿಗೆ ಸಾರಜನಕಕ್ಕಿಂತ ನೀರಿನ ಮೇಲೆ ಆಸೆ ಜಾಸ್ತಿ. ಒಮ್ಮೆ ಹೀರಿದ ತೇವವನ್ನು ಒತ್ತಡ ಇಳಿಸಿದರೂ ಸುಲಭಕ್ಕೆ ಬಿಡುವುದಿಲ್ಲ. ದಿನಾ ಓಡುವ ಮಷಿನ್‌ನಲ್ಲಿ ಒಣ ಗಾಳಿ ಹಿಮ್ಮುಖವಾಗಿ ಹರಿದು ತೇವವನ್ನು ಹೊರಗೆ ತಳ್ಳುತ್ತಿರುತ್ತದೆ. ನಿಂತ ಮಷಿನ್‌ನಲ್ಲಿ, ಅದೂ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ, ತೇವ ಒಳಗೊಳಗೇ ಹರಡುತ್ತದೆ. ತೇವ ತುಂಬಿದ ಗುಂಡಿನಲ್ಲಿ ಸಾರಜನಕಕ್ಕೆ ಜಾಗವಿಲ್ಲ. ಬಳಸದಿದ್ದರೂ ಆಗಾಗ ಓಡಿಸಿ ಅನ್ನುವುದು ಇದಕ್ಕೇ.

ಹಾಗಂತ ದೀಪ ಕಂಡ ಕೂಡಲೇ ಜಿಯೊಲೈಟ್ ಹೋಯ್ತು ಅನ್ನಬೇಡಿ. ಆನ್ ಮಾಡಿದ ಮೊದಲ ಕೆಲವು ನಿಮಿಷ ಅದು ಉರಿಯುವುದು ಸಹಜ. ಆಮೇಲೂ ಉರಿದರೆ ಮೊದಲು ರೋಗಿಯನ್ನು ಸಿಲಿಂಡರಿಗೆ ಬದಲಿಸಿ, ವೈದ್ಯರಿಗೆ ತಿಳಿಸಿ. ಮಷಿನ್ ನೋಡುವುದು ನಂತರ. ಫಿಲ್ಟರ್‌ನಲ್ಲಿ ದೂಳು ಕಟ್ಟಿದೆಯೇ? ಗೋಡೆಗೆ ಒತ್ತಿ ಇಟ್ಟಿದ್ದೀರಾ? ಮಷಿನ್ನಿನ ಮಿತಿಗಿಂತ ಹರಿವು ಏರಿಸಿದ್ದೀರಾ? ಗಾಳಿ ಬೇಗ ಹಾದುಹೋದಷ್ಟೂ ಶುದ್ಧತೆ ಇಳಿಯುತ್ತದೆ. ಮೂಗಿನ ಟ್ಯೂಬನ್ನು ನೀರಿನ ಲೋಟದಲ್ಲಿ ಅದ್ದಿದಾಗ ಗುಳ್ಳೆ ಕಡಿಮೆ ಬಂದರೆ, ಬಹಳ ಸಲ ತಪ್ಪು ಆಮ್ಲಜನಕಕ್ಕೆ ತೇವ ಕೊಡಲು ಮಷಿನ್ನಿಗೆ ಜೋಡಿಸಿದ ನೀರಿನ ಬಾಟಲಿಯ ಸಡಿಲ ಮುಚ್ಚಳದ್ದು, ಇಲ್ಲವೇ ಮಡಚಿಕೊಂಡ ಟ್ಯೂಬಿನದ್ದು.

ಗುಂಯ್ ಎಂದು ಸದ್ದು ಮಾತ್ರ ಮಾಡಿ ಕಂಪ್ರೆಸರ್ ತಿರುಗದಿದ್ದರೆ, ಅದರ ಮೋಟಾರ್ ಶುರುವಾಗಲು ನೆರವಾಗುವ ಕೆಪಾಸಿಟರ್ ಮೇಲೆ ಅನುಮಾನ ಪಡಬಹುದು. ಆದರೆ ಸುಮ್ನೆ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಆಮ್ಲಜನಕದ ದಾರಿಗೆ ಎಣ್ಣೆ, ಗ್ರೀಸ್ ಹಚ್ಚಿದರೆ ಬೆಂಕಿಯ ಅಪಾಯವೂ ಇದೆ.

ರಿಪೇರಿಯವರು ಬಂದಾಗ ಬೆರಳಿಗೆ ಹಾಕುವ ಆಕ್ಸಿಮೀಟರ್ ತೋರಿಸಿ 'ಸರಿಯಾಯ್ತು' ಅಂದರೆ ಒಪ್ಪಬೇಡಿ. ಅದು ರಕ್ತವನ್ನು ಅಳೆಯುತ್ತದೆ, ಮಷಿನ್ನನ್ನಲ್ಲ. ಮಷಿನ್ನಿನಿಂದ ಬರುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ಅಳೆಯುವ ಆಕ್ಸಿಜನ್ ಅನಲೈಸರ್ ತರಲು ಹೇಳಿ. ಪೂರ್ತಿ ಹರಿವಿಟ್ಟು, ಕಾಲು ಗಂಟೆ ಓಡಿಸಿ, ರಿಪೇರಿಗೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.